ಅಂತೆ ಕಂತೆಗಳ ಸಂತೆ: ತಪ್ಪು ಮಾಹಿತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯನಗರದ ಹತ್ತಿರ ಇರುವ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಐದು ವರ್ಷದಿಂದ ಅಡ್ಮಿನ್. ಕಾವೇರಿ ನೀರು ಯಾವಾಗ ಬಿಡ್ತಾರೆ, ಕರೆಂಟ್ ಎಷ್ಟೊತ್ತಿಗೆ ಬರುತ್ತೆ, ಗಣೇಶನ ಚಂದಾ ಎಷ್ಟಾಯ್ತು, ಇಷ್ಟಕ್ಕೆ ಅಂತ ಶುರುವಾದ ಗುಂಪು. ಈಗ ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ "ಇದು ನಿಜಾನಾ ಸಾರ್?" ಅಂತ ಕೇಳುವವರೇ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ.

ತಪ್ಪು ಮಾಹಿತಿ ಅಂದರೆ ಸುಳ್ಳು ತಾನೇ? ಅದಕ್ಕೆ ಇಷ್ಟು ವಿವರಣೆ ಯಾಕೆ?

ಸುಳ್ಳು ಅಂದ ಕೂಡಲೇ ಎಲ್ಲೋ ಒಬ್ಬ ಸುಳ್ಳುಗಾರ ಕೂತಿದ್ದಾನೆ ಅಂದುಕೊಳ್ಳುತ್ತೇವೆ. ನಮ್ಮ ಗುಂಪಿಗೆ ತಪ್ಪು ಸುದ್ದಿ ತಂದವರನ್ನು ನೆನಪು ಮಾಡಿಕೊಂಡರೆ ಅಂಥವರು ಯಾರೂ ಕಾಣುವುದಿಲ್ಲ. ರಿಟೈರ್ ಆದ ಮೇಷ್ಟ್ರು, ಮಗುವನ್ನು ಶಾಲೆಗೆ ಬಿಟ್ಟು ಬಂದ ತಾಯಿ, ದಿನಸಿ ಅಂಗಡಿಯ ಅಣ್ಣ. ಎಲ್ಲರೂ ನಮ್ಮವರೇ.

ಕನ್ನಡದಲ್ಲಿ ಒಂದು ಸೊಗಸಾದ ಅನುಕೂಲ ಇದೆ. "ಮಳೆ ಬರುತ್ತೆ" ಬೇರೆ, "ಮಳೆ ಬರುತ್ತಂತೆ" ಬೇರೆ. ನಾನು ನೋಡಿಲ್ಲ, ಯಾರೋ ಹೇಳಿದರು, ಬೇಕಾದರೆ ನಂಬಿ ಅನ್ನುವ ಅಷ್ಟೂ ಮಾತು ಆ "ಅಂತೆ" ಅನ್ನುವ ಬಾಲದಲ್ಲೇ ಇದೆ. ಕಟ್ಟೆ ಮೇಲೆ ಕೂತು ಮಾತಾಡುವಾಗ ನಾವು ಇದನ್ನು ತಪ್ಪದೆ ಹಾಕುತ್ತೇವೆ. "ಆ ಮೂಲೆ ಸೈಟು ಮಾರಾಟ ಆಯ್ತಂತೆ." ಕೇಳಿದವನಿಗೂ ಗೊತ್ತು, ಇದು ಅಂತೆ ಅಷ್ಟೇ. ಫಾರ್ವರ್ಡ್ ಬಟನ್ನಿಗೆ ಮಾತ್ರ ಅಂತೆ ಗೊತ್ತಿಲ್ಲ. ಯಾರೋ ಎಲ್ಲೋ ಬರೆದದ್ದು ನಿಮ್ಮ ಹೆಸರಿನಲ್ಲಿ, ನಿಮ್ಮ ಫೋಟೊ ಪಕ್ಕದಲ್ಲಿ, ನೀವೇ ಕಣ್ಣಾರೆ ಕಂಡಂತೆ ಬಂದು ಕೂರುತ್ತದೆ. ನನ್ನ ಲೆಕ್ಕದಲ್ಲಿ ತಪ್ಪು ಮಾಹಿತಿ ಬಹಳ ಸಲ ಹುಟ್ಟುವುದು ಹೀಗೇ, ಆ ಬಾಲ ಕಳಚಿ ಬಿದ್ದಾಗ.

ನಾನು ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದು. ಅದೂ ಲೆಕ್ಕಕ್ಕೆ ಬರುತ್ತಾ?

ಬರುತ್ತೆ. ಬೇಜಾರು ಮಾಡಿಕೊಳ್ಳಬೇಡಿ.

ಈ ವಿಷಯ ಓದಿದವರು ಮೂರು ಗುಂಪು ಮಾಡುತ್ತಾರೆ. ಕ್ಲೇರ್ ವಾರ್ಡಲ್ ಮತ್ತು ಹುಸೇನ್ ದೆರಖ್‌ಶಾನ್ ಅನ್ನುವವರು 2017ರಲ್ಲಿ ಕೌನ್ಸಿಲ್ ಆಫ್ ಯೂರೋಪ್‌ಗೆ ಬರೆದ ವರದಿಯಿಂದ ಈ ವಿಂಗಡಣೆ ಎಲ್ಲ ಕಡೆ ಬಳಕೆಗೆ ಬಂತು. ತಪ್ಪು ಅಂತ ತಿಳಿಯದೆ ಹಂಚಿದ್ದು ಒಂದು. ತಪ್ಪು ಅಂತ ಗೊತ್ತಿದ್ದೂ ಬೇಕಂತಲೇ ಹಬ್ಬಿಸಿದ್ದು ಇನ್ನೊಂದು. ಮೂರನೆಯದು ವಿಚಿತ್ರ: ಮಾಹಿತಿ ನಿಜವೇ, ಆದರೆ ಹಂಚುವುದರಿಂದ ಒಬ್ಬರಿಗೆ ಪೆಟ್ಟು ಬೀಳುತ್ತದೆ.

ನಮ್ಮ ಊರಿನದೇ ಉದಾಹರಣೆ ಕೊಡ್ತೀನಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಇಮೇಲ್ ಬಂತು. ಪೊಲೀಸರು ಹುಡುಕಿದರು, ಏನೂ ಸಿಗಲಿಲ್ಲ. ಆ ಇಮೇಲ್ ಕಳಿಸಿದವನದು ಎರಡನೇ ಜಾತಿ. ಅದೇ ಹೊತ್ತಿಗೆ ಒಂದು ಅಪ್ಪ ಅಮ್ಮಂದಿರ ಗುಂಪಿನಿಂದ ನನಗೆ "ಒಂದು ಶಾಲೇಲಿ ಬಾಂಬ್ ಸಿಕ್ಕಿದೆ, ಬೇಗ ಹೋಗಿ" ಅಂತ ಬಂತು. ಅದನ್ನು ಬರೆದವರು ಗಾಬರಿಯಲ್ಲಿದ್ದರು, ಅವರ ಮಗುವೂ ಶಾಲೆಯಲ್ಲಿತ್ತು. ಅವರದು ಮೊದಲನೆಯದು. ಗೇಟಿನ ಮುಂದೆ ನೂಕುನುಗ್ಗಲು ಮಾಡಿದವರಿಗೆ ಈ ವ್ಯತ್ಯಾಸ ಏನೂ ಇಲ್ಲ, ಇಬ್ಬರ ಮಾತೂ ಒಂದೇ ಥರ ಕೆಲಸ ಮಾಡಿತು.

ಮೂರನೆಯದಕ್ಕೆ 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸದ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಮನೆ ನಂಬರ್ ಸಮೇತ. ವಿಳಾಸ ಸುಳ್ಳಲ್ಲ. ಆದರೂ ಅದನ್ನು ಮುಂದೆ ಕಳಿಸಿದ್ದು ಸರಿ ಅಂತ ಯಾರು ಹೇಳ್ತಾರೆ?

ಅಭಿಪ್ರಾಯ ಹೇಳಿದರೆ?

"ನಮ್ಮ ರಸ್ತೆಯಷ್ಟು ಹದಗೆಟ್ಟ ರಸ್ತೆ ಬೆಂಗಳೂರಿನಲ್ಲೇ ಇಲ್ಲ" ಅಂದರೆ ಅದು ಅಭಿಪ್ರಾಯ. ಬೈದುಕೊಳ್ಳಿ, ಯಾರೂ ತಡೆಯುವುದಿಲ್ಲ. "ಈ ರಸ್ತೆಗೆ ಇಷ್ಟು ಕೋಟಿ ಬಿಡುಗಡೆ ಆಗಿತ್ತು, ಇಂಥವರು ತಿಂದರು" ಅಂದರೆ ಅದು ಮಾಹಿತಿ. ಕಾಗದ ತೋರಿಸಬೇಕಾಗುತ್ತದೆ.

ಫೋಟೊ, ವಿಡಿಯೊ ಇದೆಯಲ್ಲ ಸಾರ್. ಕಣ್ಣಿಗೆ ಕಾಣ್ತಿರೋದು ಹೇಗೆ ಸುಳ್ಳಾಗುತ್ತೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಪ್ರತಿ ದೀಪಾವಳಿಗೆ ಒಂದು ಫೋಟೊ ಬರುತ್ತೆ, ನೋಡಿರುತ್ತೀರಿ. ಬಾಹ್ಯಾಕಾಶದಿಂದ ಭಾರತ, ಮೈತುಂಬ ಬಣ್ಣ ಬಣ್ಣದ ದೀಪ, "ನಾಸಾ ತೆಗೆದ ದೀಪಾವಳಿ ರಾತ್ರಿಯ ಚಿತ್ರ" ಅನ್ನುವ ಒಕ್ಕಣೆ. ಚಿತ್ರ ಖೋಟಾ ಅಲ್ಲ. ಅದನ್ನು ಮಾಡಿದ್ದು ಹವಾಮಾನ, ಸಾಗರ ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್. ಬೇರೆ ಬೇರೆ ವರ್ಷಗಳಲ್ಲಿ ಉಪಗ್ರಹ ಕಂಡ ರಾತ್ರಿ ಬೆಳಕನ್ನು ಒಂದರ ಮೇಲೊಂದು ಕೂಡಿಸಿ, ಯಾವ ಊರು ಯಾವಾಗ ಬೆಳೆಯಿತು ಅಂತ ತೋರಿಸಲು ಬಣ್ಣ ಹಾಕಿದ್ದು. ಹಬ್ಬಕ್ಕೂ ಅದಕ್ಕೂ ಸಂಬಂಧ ಇಲ್ಲ. ಚಿತ್ರ ನಿಜ, ಅದರ ಕೆಳಗಿನ ಒಂದು ಸಾಲು ಸುಳ್ಳು. ಇದರಿಂದ ಯಾರಿಗೂ ನಷ್ಟ ಇಲ್ಲ ಅಂತ ನಕ್ಕುಬಿಡಬಹುದು.

ಅದೇ ಥರದ ಕೆಲಸ 2018ರಲ್ಲಿ ಒಂದು ಜೀವ ತೆಗೆಯಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ಎಲ್ಲರ ಮೊಬೈಲಿಗೂ ಬಂದಿತ್ತು. ಸಿಸಿಟಿವಿ ದೃಶ್ಯದ ಹಾಗೇ ಇತ್ತು. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗ್ಗೆ ಎಚ್ಚರ ಇರಲಿ ಅಂತ ಹೇಳಲು ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಬೈಕಿನವರೇ ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ತುಂಡನ್ನು ಕತ್ತರಿಸಿದರು. ಅಷ್ಟೇ ಮಾಡಿದ್ದು. ಅದರ ಜೊತೆ "ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿದ್ದಾರೆ" ಅನ್ನುವ ಮಾತು, ಆಡಿಯೊ ಸೇರಿಕೊಂಡವು. ಮೇ 23ರಂದು ನಮ್ಮ ಚಾಮರಾಜಪೇಟೆಯ ಪೆನ್ಶನ್ ಮೊಹಲ್ಲಾದಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಹುಡುಗನನ್ನು ಮಕ್ಕಳ ಕಳ್ಳ ಅಂತ ಕಟ್ಟಿಹಾಕಿ ಹೊಡೆದರು. ಅವನು ಸತ್ತ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಜನ ಕೊಂದರು. ಅಲ್ಲಿ ಅನುಮಾನ ಶುರುವಾಗಿದ್ದು ಅವರ ಕಡೆಯವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರಿಂದ.

ಚಾಮರಾಜಪೇಟೆ ನಮ್ಮಿಂದ ಎಷ್ಟು ದೂರ ಹೇಳಿ? ಆ ವಾರ ನಮ್ಮ ಮನೆಯ ಗುಂಪಿಗೂ ಆ ವಿಡಿಯೊ ಬಂದಿತ್ತು. "ಎತ್ಕೊಂಡು ಹೋಗ್ತಾರಂತೆ" ಅಂತ ಯಾರೂ ಬರೆದಿರಲಿಲ್ಲ. "ಎತ್ಕೊಂಡು ಹೋಗ್ತಿದ್ದಾರೆ" ಅಂತಲೇ ಇತ್ತು.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲು ಆಗದಂತೆ ಭಾರತದಲ್ಲಿ ಮಿತಿ ಹಾಕಿದ್ದು ಆ ವರ್ಷದ ಜುಲೈನಲ್ಲೇ. 2020ರ ಏಪ್ರಿಲ್‌ನಿಂದ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಎರಡು ಬಾಣದ ಗುರುತು ಕಂಡರೆ ಅದು ಅಂಥದ್ದು ಅಂತ ಅರ್ಥ. ಆ ಜೋಡಿ ಬಾಣವನ್ನು ನಾನು "ಅಂತೆ ಅಂತೆ" ಅಂತಲೇ ಓದಿಕೊಳ್ಳುತ್ತೇನೆ.

ಒಂದು ಕಾಲಕ್ಕೆ ನಿಜವಾಗಿದ್ದ ಸುದ್ದಿ ಈಗ ಬಂದರೆ?

ಅದೂ ತಪ್ಪು ಮಾಹಿತಿಯೇ. ಇದನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಹುಡುಕಿದರೆ ನಿಜವಾದ ಪೇಪರ್ ಸುದ್ದಿಯೇ ಸಿಗುತ್ತೆ.

2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡ ಬಾಕಿ ಇದ್ದವರಿಗೆ 50% ರಿಯಾಯಿತಿ ಕೊಟ್ಟರು. ಫೆಬ್ರವರಿ 11 ಕೊನೇ ದಿನ. ಜನ ಕ್ಯೂ ನಿಂತು ಕಟ್ಟಿದರು. ಆಮೇಲೆ ಬೇರೆ ಬೇರೆ ಸಲ ಮತ್ತೆ ಅಂಥದೇ ರಿಯಾಯಿತಿ ಬಂತು, ಹೋಯಿತು. ಆದರೆ ಆ ಹಳೇ ಮೆಸೇಜ್ ಮಾತ್ರ ನಿವೃತ್ತಿ ಆಗಲೇ ಇಲ್ಲ. ನಮ್ಮ ಪಕ್ಕದ ಬೀದಿಯವರು ಒಬ್ಬರು ಅದನ್ನು ನಂಬಿ ಆಟೊ ಮಾಡಿಕೊಂಡು ಠಾಣೆಗೆ ಹೋಗಿ, ಪೂರ್ತಿ ದಂಡ ಕಟ್ಟಿ, ಬಂದು ನನ್ನ ಮೇಲೆ ರೇಗಿದರು. ಗುಂಪಿನಲ್ಲಿ ಯಾಕೆ ಬಿಟ್ಟಿರಿ ಅಂತ. ಅವರ ಸಿಟ್ಟು ನ್ಯಾಯವಾಗಿತ್ತು.

ಟ್ರಾಫಿಕ್ ದಂಡದ ಹೆಸರಿನಲ್ಲಿ ಇನ್ನೊಂದು ಥರದ್ದು ಬರುತ್ತೆ, ಹುಷಾರು. "ನಿಮ್ಮ ಗಾಡಿಗೆ ಚಲನ್ ಬಿದ್ದಿದೆ, ಈ ಫೈಲ್ ತೆರೆಯಿರಿ" ಅಂತ. ಫೈಲ್ ಹೆಸರಿನ ಕೊನೆಯಲ್ಲಿ ಎಪಿಕೆ (ಮೊಬೈಲಿಗೆ ಆ್ಯಪ್ ಹಾಕುವ ಫೈಲು) ಅಂತ ಇದ್ದರೆ ಮುಟ್ಟಲೇಬೇಡಿ. ಅದು ಸುದ್ದಿ ಅಲ್ಲ, ಬ್ಯಾಂಕ್ ಖಾತೆಗೆ ಕನ್ನ.

ನಂಬಲಿಕ್ಕೇ ಆಗದಂಥ ಸುದ್ದಿ ಬಂದರೆ ಸುಳ್ಳು ಅಂತ ತಳ್ಳಿಹಾಕಬಹುದಾ?

ಈ ಊರಿನಲ್ಲಿ ಕಷ್ಟ. ಕೆರೆಗೆ ಬೆಂಕಿ ಬಿತ್ತು ಅಂದರೆ ಯಾರಾದರೂ ನಂಬ್ತಾರಾ? 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದು ಹೊಗೆ ಸುತ್ತಲಿನ ಬಡಾವಣೆಗಳನ್ನೆಲ್ಲ ಮುಚ್ಚಿತು. ವರ್ತೂರಿನಲ್ಲಿ ಕೆರೆ ನೊರೆ ರಸ್ತೆಗೆ ಹಾರಿ ಬಂದು ಗಾಡಿಗಳ ಮೇಲೆ ಕೂತಿತು. ಬೇರೆ ಊರಿನ ನೆಂಟರಿಗೆ ಫೋಟೊ ಕಳಿಸಿದರೆ "ಕಂಪ್ಯೂಟರ್‌ನಲ್ಲಿ ಮಾಡಿದ್ದು ಬಿಡೋ" ಅಂದರು. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಲ್ಲಿ ಕಾರ್ ತೊಳೆದರೆ 5,000 ರೂಪಾಯಿ ದಂಡ ಅಂತ ಮೆಸೇಜ್ ಬಂದಾಗ ನಾನೇ ಫೇಕ್ ಅಂತ ಬರೆದುಬಿಟ್ಟೆ. ಜಲಮಂಡಳಿ ನಿಜವಾಗಿಯೇ ಆದೇಶ ಹೊರಡಿಸಿತ್ತು. ಅಡ್ಮಿನ್ ಆಗಿದ್ದಕ್ಕೆ ಅವತ್ತು ಕ್ಷಮೆ ಕೇಳಿದೆ.

ನಂಬುವುದಕ್ಕೆ ಹೇಗೆ ಪುರಾವೆ ಬೇಕೋ ತಳ್ಳಿಹಾಕುವುದಕ್ಕೂ ಬೇಕು. ಸುಮ್ನೆ "ಫೇಕ್" ಅನ್ನುವುದೂ ಒಂದು ಸುದ್ದಿ ಹಬ್ಬಿಸಿದ ಹಾಗೇ.

ಏನೋ ಆಗಿದೆ, ಏನು ಅಂತ ಗೊತ್ತಿಲ್ಲ. ಆಗ ಬರುವ ಮೆಸೇಜ್‌ಗಳು?

2020ರ ಮೇ 20 ನೆನಪಿದೆಯಾ? ಮಧ್ಯಾಹ್ನ ಒಂದೂಕಾಲು ಗಂಟೆ ಸುಮಾರಿಗೆ ಧಡಾರ್ ಅಂತ ಶಬ್ದ. ಕಿಟಕಿ ಗಾಜು ನಡುಗಿತು. ಭೂಕಂಪ ಅಂದರು, ಸ್ಫೋಟ ಅಂದರು, ವಿಮಾನ ಬಿತ್ತು ಅಂದರು. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದವರು ಭೂಕಂಪ ಮಾಪಕದಲ್ಲಿ ಏನೂ ದಾಖಲಾಗಿಲ್ಲ ಅಂದರು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಕ್ತಾರರು ಹೇಳಿದರು: ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗ ದಾಟಿತ್ತು, ಅದರ ಸದ್ದು. ಹಾರಿದ್ದು ಊರಿನ ಹೊರಗೆ ಬಹಳ ದೂರದಲ್ಲಿ. ಆ ಸದ್ದು 65-80 ಕಿಲೋಮೀಟರ್ ದೂರಕ್ಕೂ ಕೇಳಿಸಬಹುದು ಅಂತಲೂ ತಿಳಿಸಿದರು.

ಮಧ್ಯಾಹ್ನದಿಂದ ಸಂಜೆವರೆಗಿನ ಆ ಕೆಲವು ಗಂಟೆ ಇದೆಯಲ್ಲ, ಗಾಳಿಸುದ್ದಿ ಬೆಳೆಯುವ ಹೊಲ ಅದೇ. ಗೊತ್ತಿಲ್ಲ ಅಂತ ಸುಮ್ಮನಿರುವುದು ಮನುಷ್ಯರಿಗೆ ಬಹಳ ಕಷ್ಟ.

ಆ ಸಲ ನಗುವಿನಲ್ಲಿ ಮುಗಿಯಿತು. 2012ರ ಆಗಸ್ಟ್‌ನಲ್ಲಿ ಹಾಗಾಗಲಿಲ್ಲ. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ಆಗಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ಮಾಡ್ತಾರಂತೆ ಅಂತ ಎಸ್ಸೆಮ್ಮೆಸ್ ಹರಿದಾಡಿತು. ಜೊತೆಗೆ ಎಲ್ಲೆಲ್ಲಿಯದೋ ಭಯಾನಕ ಫೋಟೊಗಳು. ಸೆಕ್ಯುರಿಟಿ ಕೆಲಸದವರು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರ್‌ನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಸಾವಿರಾರು ಜನ ಗಂಟುಮೂಟೆ ಕಟ್ಟಿ ಸಿಟಿ ರೈಲ್ವೆ ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಹೋಗಬೇಡಿ ಅಂತ ಬೇಡಿಕೊಂಡರು. ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಒಂದೇ ಸಲಕ್ಕೆ ಐದು ಜನಕ್ಕಿಂತ ಹೆಚ್ಚಿನವರಿಗೆ ಎಸ್ಸೆಮ್ಮೆಸ್ ಕಳಿಸದಂತೆ 15 ದಿನ ಕಡಿವಾಣ ಹಾಕಿತು. ಇದನ್ನು ಇಂದಿನ ಹುಡುಗರಿಗೆ ಯಾಕೆ ಹೇಳ್ತೀನಿ ಅಂದರೆ, ಆಗ ನಮ್ಮಲ್ಲಿ ಬಹುತೇಕರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಬಟನ್ ಫೋನೇ ಸಾಕಾಯಿತು.

ತಮಾಷೆಗೆ ಹಾಕಿದ್ದೂ ತಪ್ಪು ಮಾಹಿತಿನಾ?

ಹಾಕಿದವರ ಮಟ್ಟಿಗೆ ಅಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ಬೊಂಬೆ ಇಟ್ಟರು. 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷ ಹಾಕಿಸಿ ಒಬ್ಬರನ್ನು ನಡೆಸಿ, ಚಂದ್ರನ ಮೇಲೆ ನಡೆದ ಹಾಗೆ ವಿಡಿಯೊ ಮಾಡಿದರು. ಕೊನೆಗೆ ಪಕ್ಕದಲ್ಲಿ ಆಟೊ ಹೋದಾಗ ಗುಟ್ಟು ಗೊತ್ತಾಗುತ್ತೆ. ರಸ್ತೆ ರಿಪೇರಿ ಆಗಲಿ ಅಂತ ಮಾಡಿದ ಕುಚೋದ್ಯ ಅದು, ಬಹಳ ಚೆನ್ನಾಗಿತ್ತು.

ಆದರೆ ಅದೇ ಮೊಸಳೆ ಫೋಟೊವನ್ನು ಯಾರಾದರೂ ಹೆಸರು, ಸಂದರ್ಭ ಎಲ್ಲ ಕಿತ್ತು "ಮಳೆಗೆ ಕೆರೆಯಿಂದ ಮೊಸಳೆ ಬಂದಿದೆ" ಅಂತ ಕಳಿಸಿದರೆ ತಮಾಷೆ ಅಲ್ಲಿಗೆ ಮುಗಿಯಿತು. ಹಾಸ್ಯ ಮಾಡುವವನು ಕೊನೆಗೆ ಆಟೊ ತೋರಿಸ್ತಾನೆ. ಮೋಸ ಮಾಡುವವನು ಆಟೊ ಬರುವ ಮೊದಲೇ ಕತ್ತರಿಸ್ತಾನೆ.

ಇದೆಲ್ಲ ಇಂಟರ್‌ನೆಟ್ ಬಂದ ಮೇಲಿನ ಕಾಯಿಲೆ ಅಲ್ವಾ?

ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದು ಯಾವ ಇಂಟರ್‌ನೆಟ್ ನೋಡಿ? ರಾತ್ರಿ ದೆವ್ವ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತಂತೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗುತ್ತಂತೆ. ಕನ್ನಡ ಓದಲು ಬರುವ ದೆವ್ವ. ನಮ್ಮ ಅಜ್ಜಿ ಸುಣ್ಣದಲ್ಲಿ ಬರೆಸಿದ್ದು ನನ್ನ ಕೈಲೇ.

ಊರಿನ ಹೆಸರಿನ ಕಥೆಯೂ ಇದೆ. ದಾರಿ ತಪ್ಪಿದ ವೀರಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ. ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತೆ. ಇಮ್ಮಡಿ ವೀರಬಲ್ಲಾಳ ಹನ್ನೆರಡನೇ ಶತಮಾನದವನು. ಅವನು ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು. ಹಾಗಂತ ಮಕ್ಕಳಿಗೆ ಆ ಕಥೆ ಹೇಳಬೇಡಿ ಅನ್ನಲ್ಲ. ಹೇಳುವಾಗ "ಕೊಟ್ಟಳಂತೆ" ಅಂದರೆ ಸಾಕು.

ಒಂದು ಸುಳ್ಳನ್ನು ಎಲ್ಲರೂ ನಂಬಿದರೆ ಏನು ಮಾಡೋದು?

10 ರೂಪಾಯಿ ನಾಣ್ಯ ಇದಕ್ಕೆ ಒಳ್ಳೇ ಪಾಠ. ಚಲಾವಣೆ ಆಗಲ್ಲ, ನಕಲಿ ಬಂದಿದೆ, ರೂಪಾಯಿ ಗುರುತು ಇಲ್ಲದ್ದು ನಡೆಯಲ್ಲ ಅಂತೆಲ್ಲ ಹಬ್ಬಿತು. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ, ಅಲ್ಲಿವರೆಗೆ ಬಂದ 14 ವಿನ್ಯಾಸಗಳೂ ನಡೆಯುತ್ತವೆ ಅಂತ ಹೇಳಿಕೆ ಕೊಟ್ಟಿತು. ಆದರೂ ನಮ್ಮ ತರಕಾರಿ ಗಾಡಿಯವರು ಬಹಳ ದಿನ ತೆಗೆದುಕೊಳ್ಳಲಿಲ್ಲ. ಕೇಳಿದರೆ "ನಂಗೆ ಗೊತ್ತು ಸಾರ್, ನಡೆಯುತ್ತೆ ಅಂತ. ಆದ್ರೆ ಮಾರ್ಕೆಟ್ಟಲ್ಲಿ ಅವ್ರು ನನ್ನತ್ರ ತಗೊಳಲ್ವಲ್ಲ" ಅಂದರು. ಅವರ ತರ್ಕದಲ್ಲಿ ತಪ್ಪೇನಿದೆ? ಯಾರೂ ನಂಬದಿದ್ದರೂ, ಬೇರೆಯವರು ನಂಬಿದ್ದಾರೆ ಅನ್ನುವ ಕಾರಣಕ್ಕೇ ಸುಳ್ಳು ಬಾಳುತ್ತೆ.

ಓದಿದವರೂ ಯಾಕೆ ನಂಬ್ತಾರೆ?

ಓದಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ ಅನ್ನುವುದು ನನ್ನ ಅನುಭವ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಪಾರ್ಟ್‌ಮೆಂಟ್ ಗುಂಪು, ಆಫೀಸ್ ಗುಂಪು, ಸೋದರಮಾವನ ಗುಂಪು, ಮೂರೂ ಕಡೆಯಿಂದ ಅದೇ ಮೆಸೇಜ್ ಬಂದರೆ ಮೂರು ಸಾಕ್ಷಿ ಸಿಕ್ಕ ಹಾಗೆ ಅನ್ನಿಸುತ್ತೆ. ಮೂಲ ಒಂದೇ ಇರುತ್ತೆ.

2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಟ್ವಿಟರ್‌ನಲ್ಲಿ ಹನ್ನೊಂದು ವರ್ಷ ಹರಿದಾಡಿದ ಸುಮಾರು 1,26,000 ಸುದ್ದಿ ಎಳೆಗಳನ್ನು ನೋಡಿದರು. ಸುಳ್ಳನ್ನು ಜನ ಮುಂದೆ ಕಳಿಸುವ ಸಾಧ್ಯತೆ ನಿಜಕ್ಕಿಂತ 70% ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿನ ಆರು ಪಟ್ಟು ಹೊತ್ತು ಬೇಕಾಯಿತು. ತಾವಾಗಿಯೇ ಸಂದೇಶ ಹಾಕುವ ಕಂಪ್ಯೂಟರ್ ಬಾಟ್‌ಗಳ ಕೆಲಸ ಇರಬೇಕು ಅಂದುಕೊಂಡರೆ, ಅವನ್ನು ತೆಗೆದು ನೋಡಿದರೂ ಹಾಗೇ ಇತ್ತು. ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತೆ, ನಾಲಿಗೆ ತುದಿಯಲ್ಲಿ ಕಡಿಯುತ್ತೆ.

ನಾನೇ ಪರೀಕ್ಷೆ ಮಾಡೋದು ಹೇಗೆ? ನನಗೆ ಅಷ್ಟೊಂದು ಟೆಕ್ನಾಲಜಿ ಬರಲ್ಲ.

ಬರಬೇಕಾಗಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂದವರ ಹತ್ತಿರ ಮೊಬೈಲ್ ಇತ್ತಾ?

ಫೋಟೊ ಆದರೆ ಗೂಗಲ್ ಲೆನ್ಸ್‌ನಲ್ಲಿ (ಫೋಟೊ ಕೊಟ್ಟು ಹುಡುಕುವ ಸೌಲಭ್ಯ) ಹಾಕಿ. ಮೊದಲು ಎಲ್ಲಿ, ಯಾವ ವರ್ಷ ಬಂದಿತ್ತು ಅಂತ ಬಹಳ ಸಲ ಅಲ್ಲೇ ಸಿಗುತ್ತೆ. ವಿಡಿಯೊ ಆದರೆ ಒಂದು ದೃಶ್ಯ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದೇ ಕೆಲಸ. ಹಿನ್ನೆಲೆಯ ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಬಸ್ಸಿನ ಬಣ್ಣ ಯಾವುದು, ಗಾಡಿ ನಂಬರ್ ಕೆಎ ಅಂತ ಇದೆಯಾ ನೋಡಿ. ಬೆಂಗಳೂರಿನ ಮಳೆ ಅಂತ ಬಂದ ಒಂದು ವಿಡಿಯೊದಲ್ಲಿ ಬೋರ್ಡೆಲ್ಲ ಬೇರೆ ಲಿಪಿ. ನಮ್ಮ ಹತ್ತನೇ ಕ್ಲಾಸಿನ ಹುಡುಗಿ ಅರ್ಧ ನಿಮಿಷದಲ್ಲಿ ಹಿಡಿದಳು.

ಸರ್ಕಾರಿ ಆದೇಶದ ಫೋಟೊ ಬಂದರೆ ತಾರೀಖು, ಸಹಿ, ಇಲಾಖೆ ಹೆಸರು ನೋಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆ ಬಂದಿವೆ. ಈಗಿನ ತಾರೀಖು ಹಾಕಿ ಬಿಬಿಎಂಪಿ ಲೆಟರ್‌ಹೆಡ್ ಇದ್ದರೆ ಅಲ್ಲೇ ಅನುಮಾನ ಪಡಬಹುದು. ನೀರಿನ ಸುದ್ದಿ ಜಲಮಂಡಳಿ ಪುಟದಲ್ಲಿ, ಕರೆಂಟಿನದು ಬೆಸ್ಕಾಂ ಪುಟದಲ್ಲಿ, ರಸ್ತೆಯದು ಸಂಚಾರ ಪೊಲೀಸರ ಪುಟದಲ್ಲಿ ಇದೆಯಾ ನೋಡಿ. ಕೇಂದ್ರ ಸರ್ಕಾರದ ಬಗ್ಗೆ ಹಬ್ಬಿದ್ದಕ್ಕೆ ಪಿಐಬಿಯ (ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ) ಫ್ಯಾಕ್ಟ್ ಚೆಕ್ 2019ರಿಂದ ಇದೆ, ಆದರೆ ಅದು ಸರ್ಕಾರದ್ದೇ ವಿಭಾಗ ಅನ್ನುವುದು ನೆನಪಿರಲಿ. ಸುದ್ದಿ ನಿಜವೋ ಸುಳ್ಳೋ ಪರೀಕ್ಷೆ ಮಾಡುವ ನ್ಯೂಸ್‌ಚೆಕರ್‌ನಂಥವರು ಕನ್ನಡದಲ್ಲೂ ಬರೆಯುತ್ತಾರೆ.

ಇಷ್ಟೂ ಆಗದಿದ್ದರೆ ಕಳಿಸಿದವರನ್ನೇ ಕೇಳಿ: "ನಿಮಗೆ ಯಾರು ಹೇಳಿದ್ರು?" ಎರಡು ಸಲ ಕೇಳುವಷ್ಟರಲ್ಲಿ ಕಳೆದುಹೋದ ಅಂತೆ ವಾಪಸ್ ಬರುತ್ತೆ.

ದೊಡ್ಡ ವ್ಯಕ್ತಿಗಳೇ ವಿಡಿಯೊದಲ್ಲಿ ಹೇಳ್ತಿದ್ದಾರೆ, ಹಣ ಹಾಕಿ ಅಂತ.

ಇಲ್ಲ, ಹೇಳುತ್ತಿಲ್ಲ. ತಮ್ಮ ಮುಖ, ದನಿ ಬಳಸಿ ಹೂಡಿಕೆ ಆ್ಯಪ್‌ಗಳ ಡೀಪ್‌ಫೇಕ್ ವಿಡಿಯೊ ಮಾಡಿದ್ದಾರೆ, ನಂಬಬೇಡಿ ಅಂತ ಇನ್ಫೊಸಿಸ್‌ನ ನಾರಾಯಣ ಮೂರ್ತಿ ಅವರು 2023ರ ಡಿಸೆಂಬರ್‌ನಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದಾರೆ. ತುಟಿ ಮಾತಿಗೆ ಹೊಂದುತ್ತಿಲ್ಲ, ಕಣ್ಣು ಮಿಟುಕುತ್ತಿಲ್ಲ ಅಂತೆಲ್ಲ ನೋಡಿ ಕಂಡುಹಿಡಿಯುವ ಕಾಲ ಹೋಗುತ್ತಾ ಇದೆ. ಮುಖ ಬಿಡಿ, ಏನು ಕೇಳ್ತಿದ್ದಾರೆ ನೋಡಿ. ಹಣ, ಒಟಿಪಿ, ಲಿಂಕ್ ಒತ್ತು ಅಂದರೆ ಮುಗೀತು. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆ ಆಮೇಲೆ ಪಡಬಹುದು.

ಮನೆಯ ಹಿರಿಯರಿಗೆ ಹೇಗೆ ಹೇಳೋದು?

ಗುಂಪಿನಲ್ಲಿ ಎಲ್ಲರೆದುರು ಹೇಳಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಶುಗರ್ ಮಾತ್ರೆ ನಿಲ್ಲಿಸಿ ಯಾವುದೋ ಎಲೆ ಕಷಾಯ ಕುಡಿಯಿರಿ ಅಂತ ನಮ್ಮ ದೊಡ್ಡಪ್ಪ ಕಳಿಸಿದಾಗ ನಾನು ಕೆಳಗೇ "ಸುಳ್ಳು" ಅಂತ ಬರೆದೆ. ದೊಡ್ಡಪ್ಪ ಗುಂಪು ಬಿಟ್ಟರು, ಕಷಾಯ ಬಿಡಲಿಲ್ಲ. ಆಮೇಲೆ ದೊಡ್ಡಮ್ಮನ ಹತ್ತಿರ ಮಾತಾಡಿ, ಮನೆಗೆ ಹೋಗಿ, ಕಾಫಿ ಕುಡಿದು, "ದೊಡ್ಡಪ್ಪ, ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳೋಣ, ನಾನೂ ಬರ್ತೀನಿ" ಅಂದೆ. ಡಾಕ್ಟರ್ ಹೇಳಿದ್ದನ್ನು ಕೇಳಿದರು. ಅವರಿಗೆ ಬೇಕಾಗಿದ್ದು ಜೊತೆಗೆ ಒಬ್ಬರು ಬರುವುದು, ಅಷ್ಟೇ ಅನ್ನಿಸುತ್ತೆ.

ಕಾನೂನು ಏನು ಹೇಳುತ್ತೆ? ಅಡ್ಮಿನ್ ಜೈಲಿಗೆ ಹೋಗ್ತಾರಂತೆ?

(ನೋಡಿ, ಈ ಪ್ರಶ್ನೆಯಲ್ಲಿ ಅಂತೆ ಸರಿಯಾದ ಜಾಗದಲ್ಲಿದೆ.)

ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಸುಮ್ನೆ ಹೊಣೆ ಆಗುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಇನ್ನು ಹಾಕುವವರ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಪ್ರಕಾರ, ಜನರಲ್ಲಿ ಭಯ ಹುಟ್ಟಿಸುವ, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಸುಳ್ಳು ಮಾಹಿತಿ, ವದಂತಿ ಹಬ್ಬಿಸಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ನಿಜ ಅಂತ ನಂಬಲು ತಕ್ಕ ಕಾರಣ ಇದ್ದು, ಅಂಥ ಉದ್ದೇಶ ಇಲ್ಲದೆ ಸದ್ಭಾವನೆಯಿಂದ ಹೇಳಿದ್ದರೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಕೊಡುತ್ತದೆ.

ಸುಳ್ಳು ಯಾವುದು ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದು ಇನ್ನೂ ಬಗೆಹರಿಯದ ಜಗಳ. ಕೇಂದ್ರ ಸರ್ಕಾರದ ಬಗೆಗಿನ ಸುದ್ದಿಯನ್ನು ಸರ್ಕಾರದ್ದೇ ಘಟಕ ಸುಳ್ಳು ಅಂತ ಗುರುತಿಸುವ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. 2025ರಲ್ಲಿ ನಮ್ಮ ರಾಜ್ಯದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂದಾಗಲೂ, ಅದರಲ್ಲಿದ್ದ ಏಳು ವರ್ಷದವರೆಗಿನ ಜೈಲು ಶಿಕ್ಷೆಗೆ ಬಹಳ ಆಕ್ಷೇಪ ಬಂತು. ನನಗೂ ಆ ಆಕ್ಷೇಪ ಸರಿ ಅನ್ನಿಸಿತ್ತು. ನಮ್ಮ ದೊಡ್ಡಪ್ಪನನ್ನು ಏಳು ವರ್ಷ ಒಳಗೆ ಹಾಕಿದರೆ ಕಷಾಯ ನಿಲ್ಲುತ್ತಾ?

ಗೊತ್ತಿಲ್ಲದೆ ಕಳಿಸಿಬಿಟ್ಟೆ. ಈಗ ಡಿಲೀಟ್ ಮಾಡಿದರೆ ಸಾಕಾ?

ಸಾಕಾಗಲ್ಲ. ಕಳಿಸಿ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನವರೆಗೆ ಎಲ್ಲರ ಮೊಬೈಲಿನಿಂದಲೂ ಅಳಿಸಬಹುದು. ಆದರೆ ನೋಡಿದವರ ತಲೆಯಿಂದ ಅಳಿಸೋಕಾಗಲ್ಲ, ಅವರು ಮುಂದೆ ಕಳಿಸಿದ್ದೂ ಅಳಿಯುವುದಿಲ್ಲ. ಅಳಿಸಿ, ಜೊತೆಗೆ ಅದೇ ಗುಂಪಿನಲ್ಲಿ "ನಾನು ಕಳಿಸಿದ್ದು ತಪ್ಪು, ಸರಿಯಾದದ್ದು ಇದು" ಅಂತ ಬರೆಯಿರಿ.

ನಾನೂ ಬರೆದಿದ್ದೇನೆ. "ಆರು ವರ್ಷದ ಮಗುವಿಗೆ ತುರ್ತಾಗಿ ರಕ್ತ ಬೇಕು" ಅಂತ ಒಂದು ಮೆಸೇಜ್ ಬಂತು. ರಾತ್ರಿ ಹತ್ತೂವರೆ. ಯೋಚನೆ ಮಾಡದೆ ಗುಂಪಿಗೆ ಹಾಕಿದೆ. ಬೆಳಗ್ಗೆ ಎದ್ದ ಮೇಲೆ ಮನಸ್ಸು ತಡೆಯದೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಮನುಷ್ಯ ಬಹಳ ಸುಸ್ತಾದ ದನಿಯಲ್ಲಿ "ಮೂರು ವರ್ಷ ಆಯ್ತು ಸಾರ್, ರಕ್ತ ಅವತ್ತೇ ಸಿಕ್ತು" ಅಂದರು. ರಾತ್ರಿ ಎಷ್ಟು ಜನ ಫೋನ್ ಮಾಡಿದ್ದರು ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಮಗು ಹೇಗಿದ್ದಾಳೆ ಅಂತ ಮಾತ್ರ ಕೇಳಿದೆ. "ನಾಲ್ಕನೇ ಕ್ಲಾಸು. ಈಗ ಸೈಕಲ್ ಬೇಕು ಅಂತ ಹಟ ಮಾಡ್ತಿದ್ದಾಳೆ. ಅದನ್ನೂ ಒಂದ್ಸಲ ಫಾರ್ವರ್ಡ್ ಮಾಡಿ ಸಾರ್" ಅಂತ ನಕ್ಕರು.

ಮಾಡಿದೆ. ಗುಂಪಿನಲ್ಲಿ ಇಬ್ಬರು ಕೈ ಮುಗಿದ ಗುರುತು ಹಾಕಿದರು. ರಕ್ತ ಬೇಕು ಅನ್ನುವ ಮೆಸೇಜ್ ಅಷ್ಟರಲ್ಲಿ ಬೇರೆ ನಾಲ್ಕು ಗುಂಪುಗಳಿಂದ ನನಗೇ ವಾಪಸ್ ಬಂದಿತ್ತು.